ಹರಿಗೋಲಿನಲ್ಲಿ ಬಾಗಿಲು

ತುಂಗಭದ್ರೆಯ ದಡದಲ್ಲಿ ಮರುಳಾರ್ಯರೆಂಬ ಗುರುಗಳಿದ್ದರು. ಅವರು ಕಲಿಸುತ್ತಿದ್ದುದು ವೇದವಲ್ಲ, ಮಂತ್ರವಲ್ಲ, ಕಥೆ ಬರೆಯುವುದನ್ನು.

ಅವರ ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ಶಿಷ್ಯನೊಬ್ಬ ತಾನು ಬರೆದದ್ದನ್ನು ಓದಿದರೆ ಉಳಿದವರು ಹೊಗಳುವಂತಿಲ್ಲ, ತೆಗಳುವಂತಿಲ್ಲ. ಪ್ರಶ್ನೆ ಕೇಳಬಹುದು, ಅಷ್ಟೆ. ಓದಿದವನು ವಾದಕ್ಕಿಳಿಯದೆ ಅವನ್ನು ಬರೆದುಕೊಂಡು ಹೋಗಬೇಕು.

ಶಿಷ್ಯರಲ್ಲಿ ಕೊಟ್ರೇಶಿ ನೇಕಾರರ ಮನೆಯವನು. "ಪೂರ್ತಿ ಆದದ್ದು ಏನಾರ ಒಂದು ಬರದು ತಗೊಂಡು ಬಾ. ಇಲ್ಲಾಂದ್ರ ಬಂದು ಮಗ್ಗಕ್ಕ ಕೂಡು" ಎಂದು ಅಪ್ಪ ಹೇಳಿ ಕಳಿಸಿದ್ದ. ಮಗ್ಗವೆಂದರೆ ಕೊಟ್ರೇಶಿಗೆ ಜೀವ ಹೋದಷ್ಟು ಬೇಸರ.

ಅವನು ಹರಿಗೋಲಿನ ಅಂಬಿಗನೊಬ್ಬನ ಮೇಲೆ ಎಂಟು ಪುಟದ ಕಥೆ ಬರೆದು ಓದಿದ. ಅಂಬಿಗ ಹೊಳೆ ದಾಟುತ್ತಾನೆ, ಜನರನ್ನು ಇಳಿಸುತ್ತಾನೆ, ಸಂಜೆ ತಿರುಗಿ ಬರುತ್ತಾನೆ. ನಡುವೆ ಒಬ್ಬ ಹೆಂಗಸು ಮರದ ಬಾಗಿಲೊಂದನ್ನು ಹೊತ್ತು ತಂದು ಹರಿಗೋಲು ಹತ್ತುತ್ತಾಳೆ, ಆಚೆ ದಡದಲ್ಲಿ ಇಳಿದು ಹೋಗುತ್ತಾಳೆ. ಅವಳ ಪಾಲು ಮೂರೇ ಸಾಲು.

ಏಳು ಪ್ರಶ್ನೆ ಬಂದವು. ಏಳೂ ಆ ಹೆಂಗಸಿನ ಬಗ್ಗೆ. ಅಂಬಿಗನನ್ನು ಕೇಳಿದವರೇ ಇಲ್ಲ.

ಕೊಟ್ರೇಶಿಗೆ ಮೈಯೆಲ್ಲ ಉರಿದುಹೋಯಿತು. ಎಂಟು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಒಂಬತ್ತನೆಯ ದಿನ ಅದೇ ಕಥೆಯನ್ನು ತಿದ್ದಿ ಓದಿದ. ಈ ಸಲ ಯಾರೂ ತುಟಿಪಿಟಕ್ಕೆನ್ನಲಿಲ್ಲ.

ಕೊಟ್ರೇಶಿ ಉಬ್ಬಿಹೋದ. "ಗುರುಗಳ, ಒಂದೂ ಪ್ರಶ್ನಿ ಬರಲಿಲ್ಲ. ಕಥಿ ಪೂರ್ತಿ ಆದಂಗಾತಲ್ರಿ?"

ಗುರುಗಳು ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅಡುಗೆಯ ತಾಯವ್ವನ ಕಡೆ ತಿರುಗಿದರು. "ನಿನಗೇನು ಕೇಳಿಸ್ತವ್ವಾ?"

"ಅಂವ ಹೋದ, ಬಂದ" ಎಂದಳು ತಾಯವ್ವ. "ನಾನೂ ದಿನಾ ನೀರಿಗೆ ಹೋಗಿ ಬರ್ತೀನ್ರಿ."

ಉಳಿದವರು ನಗು ತಡೆದುಕೊಂಡರು. ಕೊಟ್ರೇಶಿಯ ಮುಖ ಸಪ್ಪಗಾಯಿತು.

"ಬಾಗಿಲಾ ಹೊತ್ತಾಕಿ ಎಲ್ಲಿ?" ಎಂದರು ಗುರುಗಳು.

"ತಗದು ಹಾಕೀನ್ರಿ. ಆಕಿ ಇದ್ರ ತಾನ ಪ್ರಶ್ನಿ ಬರೋದು?"

"ಹಾಳಿಯೊಳಗಿಂದ ತಗದಿ, ಗೊತ್ತಾತು. ಆಕಿ ಎಲ್ಲಿಗೆ ಹೋದ್ಲು?"

ಕೊಟ್ರೇಶಿ ಹಾಳೆ ಮಡಚಿಟ್ಟ. "ಗಂಡ ಮನಿಯಿಂದ ಹೊರಗ ಹಾಕಿದ್ದನ್ರಿ. ಆ ಬಾಗಿಲಾ ಆಕಿ ಅಪ್ಪ ಮಾಡಿಕೊಟ್ಟದ್ದು. ಅದೊಂದನ್ನ ಕಿತ್ತುಕೊಂಡು ಬಂದಾಳ. ಆಚೀ ದಂಡಿಗೆ ಆಕಿಗೆ ಮನೀನೂ ಇಲ್ಲ, ಗ್ವಾಡೀನೂ ಇಲ್ಲ. ಮೊದಲು ಬಾಗಿಲಾ ನಿಲ್ಲಸ್ತಾಳ..."

ತನಗೆ ಇಷ್ಟೆಲ್ಲ ಗೊತ್ತಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಹೇಳುತ್ತಲೇ ಹೋದ. ಬಾಗಿಲಿಗೆ ಗೋಡೆ ಬಂತು, ಗೋಡೆಗೆ ನೆರೆಯವರ ತಕರಾರು ಬಂತು, ಪಂಚಾಯ್ತಿ ಸೇರಿತು. ಅನ್ನ ಆರಿ ತಣ್ಣಗಾದರೂ ಯಾರೂ ಊಟಕ್ಕೆ ಏಳಲಿಲ್ಲ.

"ಇದನ್ನ ಬರಿ" ಎಂದರು ಗುರುಗಳು.

"ಇಷ್ಟೆಲ್ಲ ಬರದ್ರ ಕಾದಂಬರಿ ಆಗತೈತ್ರಿ. ನಾ ಒಂದೂ ಬರದಾಂವ ಅಲ್ಲ."

"ಆಕೀನೂ ಅದಕ್ಕ ಮೊದಲ ಮನಿ ಕಟ್ಟಿದಾಕಿ ಅಲ್ಲ."

ಎರಡು ವರ್ಷ ಹಿಡಿಯಿತು. ಅಪ್ಪ ಎರಡು ಸಲ ಬಂದು ಗೊಣಗಿ ಹೋದ; ಮೂರನೆಯ ಸಲ ಬಂದರೆ ಕರೆದುಕೊಂಡೇ ಹೋಗುವುದಾಗಿ ಹೇಳಿದ. ಕಾದಂಬರಿಯಲ್ಲಿ ಅಂಬಿಗ ಮೊದಲ ಪುಟದಲ್ಲೇ ಅವಳನ್ನು ಇಳಿಸಿ ಹೋದವನು ಮತ್ತೆ ಕಾಣಿಸಲಿಲ್ಲ. ಮುನ್ನೂರು ಪುಟವನ್ನು ಕೊಟ್ರೇಶಿ ಹತ್ತು ದಿನ ಓದಿದ.

ಕಡೆಯ ದಿನ ಓದು ಮುಗಿದಾಗ ತಾಯವ್ವ ಮೊರ ಕೆಳಗಿಟ್ಟಳು.

"ಒಂದಿನ ಗಂಡ ಬಂದು ಆ ಬಾಗಿಲಾ ಬಡದ್ರ, ಆಕಿ ತಗೀತಾಳೇನಪಾ?"

ಅದನ್ನು ಕೊಟ್ರೇಶಿ ಬರೆದಿರಲಿಲ್ಲ. ಅಪ್ಪ ಆ ವಾರವೇ ಬರುವವನಿದ್ದ.

"ಗುರುಗಳ, ಇದು ನನಗೂ ಗೊತ್ತಿಲ್ಲ. ಹಂಗಾದ್ರ ಕಾದಂಬರಿ ಇನ್ನೂ ಪೂರ್ತಿ ಆಗಿಲ್ಲೇನ್ರಿ?"

ಮರುಳಾರ್ಯರು ಹಾಳೆಗಳನ್ನು ಜೋಡಿಸಿ ಅವನ ಕೈಗೆ ಕೊಟ್ಟರು.

"ಪೂರ್ತಿ ಆಗೇತಿ. ಅದೊಂದು ಪ್ರಶ್ನಿ ತಾಯವ್ವಗ ಬಿಡು."