ರಾಣಿಯ ಕೆಂಪು ಕಾರಿನ ಮೂರು ಒಗಟು

“ಬೆಳ್ಳಿಗುಂದದ ಪ್ರಜೆಗಳೆಲ್ಲ ಕೇಳಿ. ತೀರಿಹೋದ ಮಹಾರಾಣಿಯವರ ಕೆಂಪು ಕಾರು ಅರಮನೆಯ ಅಂಗಳದಲ್ಲಿ ನಿಂತು ವರ್ಷವಾಯಿತು. ರಾಜಕುಮಾರಿ ಹೊನ್ನಾಂಬೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿ, ಕಾರು ಕೋಟೆ ಬಾಗಿಲು ದಾಟುವಂತೆ ಮಾಡಿದವನಿಗೆ ಅರ್ಧ ರಾಜ್ಯ ಕೊಟ್ಟು, ಮಗಳನ್ನೂ ಕೊಟ್ಟು ಮದುವೆ ಮಾಡುತ್ತಾರೆ ದೊರೆಗಳು. ತಪ್ಪಿದವನಿಗೆ ಹುಣ್ಣಿಮೆಯ ಮರುದಿನ ತಲೆದಂಡ.”

ಡಂಗುರ ಊರೂರು ಸುತ್ತಿತು. ಪಂದ್ಯ ಮಗಳ ಹಠ; ತಲೆದಂಡದ ಮಾತನ್ನು ಸೇರಿಸಿದವರು ದೊರೆ ಮುದ್ದುನಾಯಕರೇ. ರಾಣಿ ಮುಟ್ಟಿದ ಕಾರನ್ನು ಇನ್ನೊಬ್ಬರು ಮುಟ್ಟುವುದು ಅವರಿಗೆ ಬೇಕಿರಲಿಲ್ಲ. ಹೆದರಿ ಯಾರೂ ಬರಲಾರರು ಎಂದುಕೊಂಡಿದ್ದರು.

ಆದರೂ ಇಬ್ಬರು ಬಂದರು. ಅಂಗಳದ ಸಂಪಿಗೆ ಮರದ ಕೆಳಗೆ ಎರಡೇ ಸೀಟಿನ ಆ ಪುಟ್ಟ ಕಾರು ಮಂಜಿನಲ್ಲಿ ಅರ್ಧ ಮುಳುಗಿದಂತೆ ನಿಂತಿತ್ತು. ಬಾನೆಟ್ಟಿನ ಮೇಲೆ ಹೂಗಳು ಉದುರಿದ್ದವು.

ನೆರೆರಾಜ್ಯದ ರಾಜಕುಮಾರ ವಿಜಯಪಾಲನಿಗೆ ಹೊನ್ನಾಂಬೆ ಮೊದಲ ಒಗಟು ಕೇಳಿದಳು. “ಉಸಿರಿದೆ, ಗುಡುಗುತ್ತದೆ. ನಡೆ ಅಂದರೆ ಮಾತ್ರ ಹಲ್ಲು ಕಡಿಯುತ್ತದೆ. ಎದೆ ಸರಿಯಿದೆ, ಕಾಲು ಸರಿಯಿದೆ. ಇದರ ಕಾಯಿಲೆ ಏನು?” ಗೇರಿನ ಹಲ್ಲುಗಳು ಮುರಿದಿವೆ ಎಂದ ಅವನು. ಗೇರುಪೆಟ್ಟಿಗೆ ಬಿಚ್ಚಿಸಿ ನೋಡಿದರೆ ಹಲ್ಲುಗಳೆಲ್ಲ ನೆಟ್ಟಗಿದ್ದವು. ಅದನ್ನು ಮತ್ತೆ ಜೋಡಿಸುವ ಹೊತ್ತಿಗೆ ಅವನು ಸೆರೆಮನೆ ಸೇರಿದ್ದ.

ವರ್ತಕರ ಮಗ ಧರಣಪ್ಪ ಬುದ್ಧಿವಂತ. ಎಂಜಿನ್ನೂ ಗೇರೂ ಕೂಡಿಕೊಂಡು ಬಿಡುತ್ತಿಲ್ಲ, ಅದೇ ಕಾಯಿಲೆ ಎಂದು ಹೇಳಿ ಮೊದಲನೆಯದನ್ನು ದಾಟಿದ. ಎರಡನೆಯದು ಬಂತು. “ಹುಟ್ಟಿದಾಗಿನಿಂದ ಅಂಗಿಯ ತೋಳಿನೊಳಗೇ ಇರುವ ದೂತ. ಕಾಲು ಹೇಳಿದ್ದನ್ನು ದೂರಕ್ಕೆ ಮುಟ್ಟಿಸುತ್ತಾನೆ, ನಾಲಿಗೆಯಿಲ್ಲ. ಒಳಗೊಳಗೇ ಸಾಯುತ್ತಾನೆ, ಮೈಮೇಲೆ ಗೀರೂ ಇಲ್ಲ. ಯಾರು?” ಪೆಟ್ರೋಲಿನ ಕೊಳವೆ ಎಂದ ಧರಣಪ್ಪ. ಕೊಳವೆ ಬದಲಾಯಿಸಿದರೂ ಕಾರು ಕದಲಲಿಲ್ಲ. ಅವನೂ ಸೆರೆಮನೆಗೆ ಹೋದ.

ಹುಣ್ಣಿಮೆಗೆ ಎರಡು ದಿನವಿತ್ತು. ಸಂತೆಬೀದಿಯಲ್ಲಿ ಸೈಕಲ್ ರಿಪೇರಿ ಮಾಡುವ ಜವರ ಎಂಬ ಯುವಕ ಕೈಯ ಜಿಡ್ಡು ಒರೆಸಿಕೊಂಡು ಅಂಗಳಕ್ಕೆ ಬಂದ. ಹೊನ್ನಾಂಬೆಗೆ ಅವನನ್ನು ನೋಡಿ ಸಂಕಟವಾಯಿತು. ಜೀವದ ಮೇಲೆ ಆಸೆಯಿಲ್ಲವೇ ಎಂದು ಕೇಳಿದಳು. ಇದೆ ಅಂದ. ಇಬ್ಬರು ಸಾಯುತ್ತಾರಲ್ಲ ಎಂದು ರಾತ್ರಿ ನಿದ್ದೆ ಬರುತ್ತಿಲ್ಲ, ಅದಕ್ಕೇ ಬಂದೆ ಅಂದ.

ಮೊದಲೆರಡು ಒಗಟು ಕೇಳಿದ ಮೇಲೆ ಅವನು, ಉತ್ತರ ಹೇಳುವ ಮೊದಲು ಕಾರನ್ನು ನೋಡಬೇಕೆಂದ. ಕ್ಲಚ್ ಪೆಡಲನ್ನು ಕೈಯಿಂದಲೇ ಒತ್ತಿದ. ಅದು ಮೆತ್ತಗೆ ನೆಲದವರೆಗೂ ಹೋಯಿತು. ರಾಜಕುಮಾರಿಯನ್ನೇ ಒತ್ತಿಹಿಡಿಯಲು ಬೇಡಿಕೊಂಡು ತಾನು ಕಾರಿನಡಿ ಮಲಗಿ ನೋಡಿದ. ಪೆಡಲ್ ಒತ್ತಿದಾಗ ಚೆನ್ನಾಗಿ ಸರಿಯಬೇಕಾದ ಗೇರುಪೆಟ್ಟಿಗೆಯ ಪಕ್ಕದ ಸನ್ನೆಕೋಲು ಕೂದಲೆಳೆಯಷ್ಟೇ ಸರಿಯಿತು. ಆಮೇಲೆ ನಟ್ಟು ಬಿಚ್ಚಿ, ಪೆಡಲಿನ ಕೊಕ್ಕೆಯಿಂದ ಕೇಬಲ್ ಕಳಚಿ, ಮೆಲ್ಲಗೆ ಎಳೆದ. ಹೊರಗಿನ ಕವಚ ಹೊಸದರಂತಿತ್ತು. ಒಳಗಿನ ತಂತಿ ಬಾಗುವಲ್ಲಿ ಜಡೆ ಬಿಚ್ಚಿದಂತೆ ಕೆದರಿತ್ತು. ಮೂರೇ ಎಳೆ ಉಳಿದಿದ್ದವು.

“ಅಮ್ಮಣ್ಣಿ, ನಿಮ್ಮ ದೂತ ಇವನೇ. ಮೊದಲನೆಯ ಒಗಟಿಗೂ ಇವನೇ ಕಾರಣ. ಕ್ಲಚ್ ಒತ್ತಿದಾಗ ಎಂಜಿನ್ನೂ ಗೇರೂ ಬೇರೆಯಾಗಬೇಕು. ಹೇಳಿಕಳಿಸಿದ ಮಾತು ಮುಟ್ಟದೆ ಅವು ಬಿಡುತ್ತಿಲ್ಲ, ಅದಕ್ಕೆ ಹಲ್ಲು ಕಡಿಯೋದು.”

ಇಂಥ ಗಾಡಿ ಪ್ರೀತಿಸುವವರು ಒಂದು ಹೆಚ್ಚಿನ ಕೇಬಲ್ ಇಟ್ಟುಕೊಂಡೇ ಇರುತ್ತಾರೆ ಎಂದು ಹೇಳಿ ಹುಡುಕಲು ಕೇಳಿಕೊಂಡ. ಸೀಟಿನ ಹಿಂದೆ, ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿದ ಹೊಸ ಕೇಬಲ್ ಸಿಕ್ಕಿತು. ಹೊನ್ನಾಂಬೆ ತಾಯಿಯ ಸೀರೆಯ ಆ ತುಂಡನ್ನು ಮುಖಕ್ಕೆ ಒತ್ತಿಕೊಂಡಳು. ಜವರ ಬೇರೆ ಕಡೆ ನೋಡುತ್ತ, ಕೇಬಲ್ಲಿಗೆ ಎಣ್ಣೆ ಬಿಟ್ಟು, ಹಳೆಯದರ ದಾರಿಯಲ್ಲೇ ಹಾಯಿಸಿ ಕಟ್ಟಿದ.

ಮೂರನೆಯ ಒಗಟು ಉಳಿದಿತ್ತು. ಅದರ ಉತ್ತರ ಹೊನ್ನಾಂಬೆಗೂ ಗೊತ್ತಿರಲಿಲ್ಲ. ಅವಳ ತಾಯಿ ಇದೇ ಕಾರಿನ ಕೆಳಗೆ ಮಲಗಿ ಕೆಲಸ ಮಾಡುತ್ತ ನಗುನಗುತ್ತ ಕೇಳುತ್ತಿದ್ದದ್ದು ಅದು. “ಕೊಟ್ಟರೆ ಕಾಣೋದಿಲ್ಲ, ತೂಗಿದರೆ ಭಾರವಿಲ್ಲ. ಹೆಚ್ಚು ಕೊಟ್ಟರೆ ನಡೆಯೋದಿಲ್ಲ, ಕೊಡದೇ ಇದ್ದರೆ ಸುಟ್ಟುಹೋಗುತ್ತದೆ. ಏನದು?”

ದೊರೆಗಳು ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಜವರ ಕೇಬಲ್ಲಿನ ನಟ್ಟಿನ ಮೇಲೆ ಬೆರಳಿಟ್ಟುಕೊಂಡೇ ಯೋಚಿಸಿದ. ಬಿಗಿಯಾಗಿದ್ದ ನಟ್ಟನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಪೆಡಲನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದ. ಇನ್ನೊಂದು ಸುತ್ತು ತಿರುಗಿಸಿದ.

“ಸಡಿಲ, ಬುದ್ಧಿ. ಬೆರಳಿನಷ್ಟು ಸಡಿಲ. ಅದಿಲ್ಲದೆ ಎಳೆದು ಕಟ್ಟಿದರೆ ಕ್ಲಚ್ ಪೂರ್ತಿ ಕೂಡೋದಿಲ್ಲ, ಜಾರಿ ಜಾರಿ ಸುಟ್ಟುಹೋಗುತ್ತೆ. ಅತಿಯಾಗಿ ಬಿಟ್ಟರೆ ಒತ್ತಿದ್ದು ಮುಟ್ಟೋದಿಲ್ಲ, ಮತ್ತೆ ಹಲ್ಲು ಕಡಿಯುತ್ತೆ.”

ಸರಿಯೋ ತಪ್ಪೋ ಕಾರೇ ಹೇಳಲಿ ಎಂದರು ದೊರೆ. ಓಡಿಸು ಎಂದರು. ಜವರ ತಲೆ ತಗ್ಗಿಸಿದ. ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ.

ಹೊನ್ನಾಂಬೆ ತಂದೆಯ ಕಡೆ ತಿರುಗಿದಳು. “ಕಾರು ಬಾಗಿಲು ದಾಟಬೇಕು ಅಂತ ಡಂಗುರ ಸಾರಿಸಿದಿರಿ, ಅಪ್ಪಾಜಿ. ಓಡಿಸೋರು ಯಾರು ಅಂತ ಸಾರಿಸಲಿಲ್ಲ.” ಅವಳೇ ಸ್ಟಿಯರಿಂಗ್ ಚಕ್ರದ ಮುಂದೆ ಕುಳಿತು, ಜವರನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಕ್ಲಚ್ ಒತ್ತಿ ಗೇರು ಹಾಕಿದಳು. ಸದ್ದೇ ಇಲ್ಲದೆ ಬಿತ್ತು. ಬಾನೆಟ್ಟಿನ ಸಂಪಿಗೆಗಳು ಒಂದೊಂದಾಗಿ ಹಾರುತ್ತ ಹಿಂದೆ ಉಳಿದವು. ಕಾರು ಕೋಟೆ ಬಾಗಿಲು ದಾಟಿ ಮಂಜಿನೊಳಗೆ ತೇಲಿಹೋಯಿತು.

ಅವರು ಕೆರೆಯೇರಿ ಸುತ್ತಿ ಬಂದಾಗ ದೊರೆ ಬರಿಗಾಲಲ್ಲಿ ಬಾಗಿಲ ಬಳಿ ನಿಂತಿದ್ದರು. ಆ ಕಾರು ಓಡುವ ಸದ್ದು ಕೇಳಿ ವರ್ಷವಾಗಿತ್ತು. ಜವರ ಥಟ್ಟನೆ ಇಳಿದು ಸೀಟು ಬಿಟ್ಟುಕೊಟ್ಟ. ರಾಣಿಯ ಪಕ್ಕ ಎಷ್ಟೋ ಸಂಜೆ ಕುಳಿತಿದ್ದ ಆ ಸೀಟಿನಲ್ಲಿ ದೊರೆ ಮಗಳ ಪಕ್ಕ ಕುಳಿತರು. ಕಣ್ಣು ಒರೆಸಿಕೊಂಡು, ಮೊದಲು ಏನು ಬೇಕು ಕೇಳು ಎಂದು ಜವರನಿಗೆ ಹೇಳಿದರು.

“ಆ ಇಬ್ಬರನ್ನು ಬಿಟ್ಟುಬಿಡಿ, ಬುದ್ಧಿ.”

ಸೆರೆಮನೆಯ ಬಾಗಿಲು ಆಗಲೇ ತೆರೆಯಿತು. ಅರ್ಧ ರಾಜ್ಯ ಅವನಿಗೆ ಸಂದಿತು. ಮದುವೆಯ ಮಾತನ್ನು ಅಮ್ಮಣ್ಣಿಯವರೇ ಹೇಳಬೇಕು ಎಂದ ಜವರ. ಹೊನ್ನಾಂಬೆ ನಾಳೆಯಿಂದ ಅವನಿಗೆ ಕಾರು ಓಡಿಸುವುದನ್ನು ಕಲಿಸುವುದಾಗಿ ಹೇಳಿದಳು. ಕಲಿಯಲು ಮೂರು ತಿಂಗಳು ಹಿಡಿಯಿತು. ನಾಲ್ಕನೆಯ ತಿಂಗಳು ಮದುವೆಯಾಯಿತು, ಆ ದಿನ ಎಲ್ಲರಿಗಿಂತ ಮುಂದೆ ನಿಂತು ಕೈತುಂಬ ಅಕ್ಷತೆ ಹಾಕಿದವರು ವಿಜಯಪಾಲ ಮತ್ತು ಧರಣಪ್ಪ.