ಚಳಿಗೆ ಪೆಟ್ರೋಲ್ ಕುಡಿದ ಕಾರು

ಶಿಷ್ಯ ಚನ್ನವೀರ ಕೇಳಿದ: "ಗುರುಗಳೇ, ನಾನು ಎಲ್ಲರ ಮನೆಗೂ ಹೋಗುತ್ತೇನೆ, ಎಲ್ಲರನ್ನೂ ಮಾತಾಡಿಸುತ್ತೇನೆ. ದಣಿವು ಉಳಿಯುತ್ತದೆ, ಸ್ನೇಹ ಉಳಿಯುವುದಿಲ್ಲ. ಏಕೆ?"

ಗುರುಗಳು ಹೇಳಿದರು:

ಬೀದರದ ಕಡೆ ಒಬ್ಬ ವ್ಯಾಪಾರಿ ಇದ್ದ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ತನ್ನ ಹಳೆಯ ಕಾರಿನಲ್ಲಿ ದಿನವೂ ಊರು ಸುತ್ತುತ್ತಿದ್ದ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಗೆಳೆಯನ ಮನೆಗೆ, ಅಲ್ಲಿಂದ ಚಿಕ್ಕಪ್ಪನ ಮನೆಗೆ. ಎಲ್ಲೂ ಚಹಾ ಆರುವ ತನಕ ಕೂತವನಲ್ಲ. ಬಂದ ಪುಟ್ಟ, ಹೋದ ಪುಟ್ಟ. ಕೂತರೆ ಜನ ಹೆಂಡತಿಯ ಮಾತು ತೆಗೆಯುತ್ತಾರೆ, ತೆಗೆದರೆ ತಾನು ಅತ್ತುಬಿಡುತ್ತೇನೆ ಎಂದು ಅವನಿಗೆ ಹೆದರಿಕೆ. ಜನ ಮಾತ್ರ ಸಾವ್ಕಾರರಿಗೆ ಪುರುಸೊತ್ತಿಲ್ಲ ಎಂದುಕೊಂಡರು. ಬರಬರುತ್ತ ಅವನಿಗೆಂದು ಚಹಾ ಇಡುವುದನ್ನೂ ಬಿಟ್ಟರು.

ಪುಷ್ಯ ಮಾಸದ ಚಳಿ ಬಿತ್ತು. ಕಾರು ಪೆಟ್ರೋಲನ್ನು ನೀರಿನ ಹಾಗೆ ಕುಡಿಯತೊಡಗಿತು. ಟ್ಯಾಂಕಿಗೆ ತೂತು ಬಿದ್ದಿದೆಯೆಂದು ಮೆಕ್ಯಾನಿಕನ ಬಳಿ ಒಯ್ದ. ಮೆಕ್ಯಾನಿಕ್ ಒಂದು ದಿನವೆಲ್ಲ ಅವನ ಪಕ್ಕದಲ್ಲೇ ಕೂತು ಸುತ್ತಿದ.

"ಗಾಡಿಗೇನೂ ಆಗಿಲ್ರಿ," ಎಂದ. "ಥಂಡ್ಯಾಗ ಇಂಜಿನ್ ಆಯಿಲ್ ಗಟ್ಟಿ ಆಗ್ತದ. ಇಂಜಿನ್ ಬಿಸಿ ಆಗೋ ತನಕ ಪೆಟ್ರೋಲ್ ಜಾಸ್ತಿನೇ ಬೇಕು. ಇನ್ನೇನು ಬಿಸಿ ಆತು ಅನ್ನೋದ್ರಾಗ ನೀವು ಬಂದ್ ಮಾಡ್ತೀರಿ. ಮತ್ತ ತಣ್ಣಗಾಗ್ತದ, ಮತ್ತ ಶುರು ಮಾಡ್ತೀರಿ. ಒಮ್ಮೆ ದೂರ ಹೋಗಿ ಬರ್ರಿ."

ದೂರವೆಂದರೆ ಅವನಿಗಿದ್ದವಳು ತಂಗಿಯೊಬ್ಬಳೇ. ಎರಡು ತಾಸಿನ ದಾರಿ. ಹೆಂಡತಿಯನ್ನು ಮಣ್ಣು ಮಾಡಿದ ದಿನ ಬಂದು ಹೋದವಳನ್ನು ಅವನು ಮತ್ತೆ ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಹೊರಟ. ದಾರಿಯುದ್ದಕ್ಕೂ ಅವಳೊಡನೆ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡ. ಮೂರು ವರ್ಷದ ಮಾತಿತ್ತು. ಕಾರು ಬಿಸಿಯೇರಿ ಹಗುರಾಗಿ ಓಡಿತು.

ತಂಗಿ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದಳು. "ಅಣ್ಣಾ! ಒಳಗ ಬಾ, ರೊಟ್ಟಿ ಮಾಡ್ಲಾಕತ್ತೀನಿ."

ಅವಳ ಕಣ್ಣು ತುಂಬಿತ್ತು. ಅದನ್ನು ಕಂಡು ಅವನು ತೆರೆದಿದ್ದ ಕಾರಿನ ಬಾಗಿಲನ್ನು ಮತ್ತೆ ಎಳೆದುಕೊಂಡ.

"ಇಲ್ಲೇ ಹಾದು ಹೊಂಟಿದ್ದೆ ತಂಗಿ. ನೋಡಿ ಹೋಗೋಣಂತ ನಿಂತೆ," ಎಂದ.

ಆ ಊರಿನಾಚೆ ರಸ್ತೆಯೇ ಇರಲಿಲ್ಲ. ಇಂಜಿನ್ನನ್ನೂ ಬಂದ್ ಮಾಡದೆ, ಅಂಗಳದಲ್ಲೇ ಗಾಡಿ ತಿರುಗಿಸಿಕೊಂಡು ಹೊರಟುಬಿಟ್ಟ.

ಗುರುಗಳು ಕಥೆಯನ್ನು ಇಲ್ಲಿಗೆ ನಿಲ್ಲಿಸಿದರು. ಚನ್ನವೀರ ಕೇಳಿದ: "ಅಷ್ಟು ದೂರ ಹೋಗಿ ಬಂದದ್ದಕ್ಕೆ ಏನಾದರೂ ಸರಿಹೋಯಿತೇ, ಗುರುಗಳೇ?"

"ಕಾರು ಸರಿಹೋಯಿತು," ಎಂದರು ಗುರುಗಳು.