ಫಕೀರವ್ವನ ರೊಟ್ಟಿಬುಟ್ಟಿ

ಕೇಳ್ರಪ್ಪಾ, ಕೇಳ್ರವ್ವಾ! ಜೋಳ ಆಳೆತ್ತರ ಬೆಳೆಯುವ ಒಂದು ಸೀಮೆ. ಅದಕ್ಕೊಬ್ಬ ರಾಜ, ಸೋಮಭೂಪ. ಆನೆ ಕುದುರೆ ಎಷ್ಟಿದ್ದರೇನು, ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಕಾಣದಿದ್ದರೆ ಅವನ ಮುಖ ಸಪ್ಪೆ.

ಅವನ ಅರಮನೆಯ ರೊಟ್ಟಿಮನೆಗೆ ಫಕೀರವ್ವ ಎಂಬ ಹೆಂಗಸು ಕೆಲಸಕ್ಕೆ ಸೇರಿದಳು. ಅಲ್ಲಿನ ಯಜಮಾನಿ ನೀಲವ್ವಜ್ಜಿಯದು ಒಂದು ಕಟ್ಟಳೆ. ಮೊದಲ ವರ್ಷ ಜರಡಿ ಹಿಡಿದು ಹಿಟ್ಟು ಸಾಣಿಸಬೇಕು. ಎರಡನೇ ವರ್ಷ ನಾದಬೇಕು. ಮೂರನೇ ವರ್ಷ ಬಡಿಯಬೇಕು. ಫಕೀರವ್ವ ಸಾಣಿಸಿದಳು. ಮುಟ್ಟಿದರೆ ಸಾಕು, ಹಿಟ್ಟು ಹೊಸದೋ ಹಳೆಯದೋ ಹೇಳುವಂತಾದಳು. ನಾದಿದಳು. ಕುದಿಯುವ ನೀರು ಎಷ್ಟು ಹಿಡಿಯುತ್ತದೆಂದು ಕೈಗೇ ತಿಳಿಯಿತು. ಬಡಿದಳು. ಅಯ್ಯೋ, ಮೊದಲ ರೊಟ್ಟಿ ನೋಡಿ ನಾಯಿಯೂ ಮುಖ ತಿರುಗಿಸಿತು! ಎಲ್ಲರೂ ನಕ್ಕರು, ಅವಳೂ ನಕ್ಕಳು. ಮರುದಿನ ಮತ್ತೆ ಬಡಿದಳು, ಒಂದು ಬಿರುಕು ಕಡಿಮೆಯಾಯಿತು. ವರ್ಷ ತುಂಬುವಾಗ ಅವಳ ರೊಟ್ಟಿ ಹಂಚಿನ ಮೇಲೆ ಪೂರಾ ಉಬ್ಬತೊಡಗಿತು.

ನೀಲವ್ವಜ್ಜಿಗೆ ವಯಸ್ಸಾಯಿತು. ಯಜಮಾನಿಕೆ ಫಕೀರವ್ವನಿಗೇ ಇರಲಿ ಎಂದಳು. ಆಗ ಅಡ್ಡ ಬಂದವನು ರಾಣಿಯ ತಮ್ಮ ಉದ್ದಂಡಪ್ಪ. ರೊಟ್ಟಿಮನೆಯ ಯಜಮಾನಿಕೆ ಸಿಕ್ಕವರಿಗೆ ರಾಜನ ಪಕ್ಕದಲ್ಲೇ ಊಟದ ಎಲೆ, ಬೇಕಾದಷ್ಟು ತುಪ್ಪ. ಅವನ ಕಣ್ಣು ಆ ತುಪ್ಪದ ಮೇಲೆ.

“ಹಿಟ್ಟು ಬಡಿಯೋಕ ಮೂರು ವರ್ಷ ಯಾಕ್ರಿ ಭಾವಾ? ನಾ ಮೂರು ದಿನದಾಗ ಮಾಡಿ ತೋರಸ್ತೀನಿ!”

“ಆತು. ಮೂರು ದಿನ ಇಬ್ಬರೂ ರೊಟ್ಟಿ ತರ್ರಿ. ಸೋತವರು ಅರಮನಿ ಬಿಡಬೇಕು” ಎಂದ ರಾಜ.

ಆ ರೊಟ್ಟಿಮನೆ ಬಿಟ್ಟರೆ ಫಕೀರವ್ವನಿಗೆ ಬೇರೆ ಮನೆಯೇ ಇರಲಿಲ್ಲ.

ಮೊದಲ ದಿನ ಅವಳು ಬುಟ್ಟಿಗೆ ಬಟ್ಟೆ ಮುಚ್ಚಿ ಕೈ ತೊಳೆಯಲು ಹೋದಳು. ಅಷ್ಟರಲ್ಲಿ ಉದ್ದಂಡಪ್ಪ ಬುಟ್ಟಿ ಅದಲುಬದಲು ಮಾಡಿಬಿಟ್ಟ. ರಾಜನ ಮುಂದೆ ತೆರೆದರೆ ಅವನ ಬುಟ್ಟಿಯಲ್ಲಿ ಹೂವಿನಂಥ ರೊಟ್ಟಿ, ಅವಳದರಲ್ಲಿ ಹಲ್ಲು ಮುರಿಯುವ ರೊಟ್ಟಿ! ರಾಜ ಉದ್ದಂಡಪ್ಪನ ಬೆನ್ನು ತಟ್ಟಿದ. ಎರಡನೇ ದಿನವೂ ಅದೇ ಕಥೆ. ಆದರೆ ಈ ಸಲ ಬಾಗಿಲಾಚೆ ಸರಿದ ಉದ್ದಂಡಪ್ಪನ ರೇಷ್ಮೆ ಶಲ್ಯದ ಅಂಚು ಫಕೀರವ್ವನ ಕಣ್ಣಿಗೆ ಬಿತ್ತು. ರಾಣಿಯ ತಮ್ಮನೇ ಕಳ್ಳ ಎಂದರೆ ನಂಬುವವರು ಯಾರು? ಒಲೆಯ ಮುಂದೆ ಕೂತು ಒಂದಿಷ್ಟು ಅತ್ತಳು. ಆಮೇಲೆ ಏನೋ ಹೊಳೆದು ಕಣ್ಣೊರೆಸಿಕೊಂಡಳು; ಮರುದಿನ ಎದ್ದವಳೇ ಹಿಟ್ಟು ನಾದಲು ಕೂತಳು.

ಮೂರನೇ ದಿನ ಉದ್ದಂಡಪ್ಪ ಬುಟ್ಟಿ ಬದಲಿಸಿ, ಮೀಸೆ ತಿರುವುತ್ತಾ ಸಭೆಗೆ ಬಂದು ಬಟ್ಟೆ ಸರಿಸಿದ. ರೊಟ್ಟಿಯೇ ಇಲ್ಲ! ಒಂದು ಮುದ್ದೆ ಹಸಿ ಹಿಟ್ಟು ಕೂತಿತ್ತು.

ಅವನು ಬಾಯಿ ತೆರೆಯುವ ಮೊದಲೇ ಫಕೀರವ್ವ ಚಪ್ಪಾಳೆ ತಟ್ಟಿದಳು. “ಎಷ್ಟು ಚೊಲೋ ವಿಚಾರ್ರಿ ಧಣ್ಯಾರ! ಉದ್ದಂಡಪ್ಪನವರು ನಿಮ್ಮ ಮುಂದನ ಬಿಸಿಬಿಸಿ ಮಾಡಿ ಬಡಸಬೇಕಂತ ನಾದಿದ ಹಿಟ್ಟೇ ತಂದಾರ. ಹಲಗಿ ತರ್ರಿ, ಹಂಚು ಇಡ್ರಿ!”

ಉದ್ದಂಡಪ್ಪ ಬಡಿದ. ಮೊದಲನೆಯದು ನಡುವೆಯೇ ಹರಿಯಿತು. ಎರಡನೆಯದು ಅಂಗೈಗೆ ಅಂಟಿತು. ಮೂರನೆಯದು ಹಾರಿ ಮಂತ್ರಿಯ ಪೇಟದ ಮೇಲೆ ಕೂತಿತು! ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ಹಿಟ್ಟ ಸರಿ ಇಲ್ಲ!” ಎಂದು ಅವನು ಕಿರುಚಿದ.

ಫಕೀರವ್ವ ಉಳಿದ ಅದೇ ಹಿಟ್ಟನ್ನು ಹಲಗೆಗಿಟ್ಟು ಬಡಿದಳು. ಟಪ, ಟಪ, ಟಪ. ಹಂಚಿಗೆ ಬಿದ್ದ ರೊಟ್ಟಿ ತುಂಬಾ ಉಬ್ಬಿತು.

ರಾಜನಿಗೆ ಎಲ್ಲ ಅರ್ಥವಾಯಿತು. “ಹಂಗಾದ್ರ ಎರಡು ದಿನ ನಾ ತಿಂದಿದ್ದು ಯಾರ ಕೈಯಾನ ರೊಟ್ಟಿ?”

ಉದ್ದಂಡಪ್ಪ ತಲೆ ತಗ್ಗಿಸಿದ. ರಾಣಿಯೇ ಎದ್ದು ಹೇಳಿದಳು: “ತಮ್ಮಾ, ಸೋತೀದಿ. ಊರಿಗೆ ನಡಿ.”

ಅಂದು ಫಕೀರವ್ವನ ಎಲೆ ರಾಜನ ಪಕ್ಕದಲ್ಲೇ ಬಿತ್ತು. “ನಿನ್ನ ಕೈಯಾಗ ಏನು ಮಂತ್ರ ಐತೆವ್ವಾ?” ಎಂದ ರಾಜ.

“ಮಂತ್ರ ಎಲ್ಲೀದ್ರಿ? ದಿನಾ ನಿನ್ನಿಗಿಂತ ಒಂದೀಟು ಚೊಲೋ ಮಾಡೀನಿ, ಅಷ್ಟ.”

ನೋಡಿದಿರಾ ಮಕ್ಕಳೇ? ಮಾಡಿಟ್ಟ ರೊಟ್ಟಿಯನ್ನು ಯಾರು ಬೇಕಾದರೂ ಕದಿಯಬಹುದು. ದಿನಕ್ಕಿಷ್ಟಿಷ್ಟೇ ಕಲಿತ ಕೆಲಸವನ್ನು ಯಾರೂ ಕದಿಯಲಾರರು. ಅದಕ್ಕೇ ಅವಸರ ಮಾಡದೆ, ಬಿಡದೆ ಕಲಿಯಬೇಕು. ಏಳಿ ಇನ್ನು, ಊಟ ಆರುತ್ತಿದೆ!